ಟ್ಯೂಬ್ ಡ್ಯಾಕ್ ತುಂಬಿ ಕೇಳಬೇಕಾ? ಮೊದಲು ಕೆಪಾಸಿಟರ್ ನೋಡಿ

ಕಡಿಮೆ ಬೆಲೆಯ ಟ್ಯೂಬ್ ಔಟ್‌ಪುಟ್ ಡ್ಯಾಕ್ (ಡಿಜಿಟಲ್ ಸಂಗೀತವನ್ನು ಅನಲಾಗ್ ಸಿಗ್ನಲ್ ಆಗಿ ಬದಲಿಸುವ, ಕೊನೆಯ ಹಂತದಲ್ಲಿ ವ್ಯಾಕ್ಯೂಮ್ ಟ್ಯೂಬ್ ಇರುವ ಪೆಟ್ಟಿಗೆ) ಕೊಂಡವರು ಮೊದಲು ಟ್ಯೂಬ್ ಬದಲಿಸಲು ಹೋಗುತ್ತಾರೆ. ನಾನೂ ಹಾಗೇ ಮಾಡಿದೆ. ಆದರೆ ನನ್ನ ಕಿವಿಗೆ ಜಾಸ್ತಿ ವ್ಯತ್ಯಾಸ ಕೊಟ್ಟಿದ್ದು ಔಟ್‌ಪುಟ್ ಕಪ್ಲಿಂಗ್ ಕೆಪಾಸಿಟರ್. ಟ್ಯೂಬ್‌ನ ಡಿಸಿಯನ್ನು (ಒಂದೇ ದಿಕ್ಕಿನ ವಿದ್ಯುತ್ತನ್ನು) ತಡೆದು ಸಂಗೀತವನ್ನು ಮಾತ್ರ ಹೊರಗೆ ಬಿಡುವುದು ಇದೇ, ಹಾಗಾಗಿ ನೀವು ಕೇಳುವ ಪ್ರತಿ ಸ್ವರವೂ ಇದರೊಳಗಿಂದಲೇ ಹಾದು ಬರುತ್ತದೆ.

ಅಲ್ಲಿ ಎಲೆಕ್ಟ್ರೋಲಿಟಿಕ್ ಬಗೆಯ ಕೆಪಾಸಿಟರ್ ಇದ್ದರೆ ತೆಗೆದು, 2.2 ಮೈಕ್ರೋಫ್ಯಾರಡ್‌ನ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕಿ. ಆಂಪ್ಲಿಫೈಯರ್‌ನ ಇನ್‌ಪುಟ್ 10 ಕಿಲೋ ಓಮ್ ಇದ್ದರೂ ಬಾಸ್ ಸುಮಾರು 7 ಹರ್ಟ್ಸ್‌ವರೆಗೆ ಇಳಿಯುತ್ತದೆ, ಸಾಕಲ್ವಾ? ವೋಲ್ಟೇಜ್ ರೇಟಿಂಗ್ ಟ್ಯೂಬ್‌ನ ಸಪ್ಲೈಗಿಂತ ಜಾಸ್ತಿ ಇರಲೇಬೇಕು. ಗಾತ್ರ ದೊಡ್ಡದು, ಕೊಳ್ಳುವ ಮೊದಲು ಡಬ್ಬಿಯೊಳಗಿನ ಜಾಗ ಅಳೆದುಕೊಳ್ಳಿ. ಬದಲಿಸಿದ ಮೇಲೆ ನನಗೆ ತಂಬೂರಿಯ ನಾದ, ಮೃದಂಗದ ಎಡಬದಿಯ ಗುಮುಕಿ ಎರಡೂ ತುಂಬಿ ಕೇಳಿದವು, ಎಷ್ಟು ಖುಷಿಯಾಯಿತು ಅಂದರೆ ಆ ರಾತ್ರಿ ಮಲಗಲೇ ಇಲ್ಲ.

ಟ್ಯೂಬ್ ಬದಲಿಸುವುದಾದರೆ ಹುಷಾರು. 6ಎನ್3 ಎಂಬ ಮಾಡೆಲ್‌ನ ಟ್ಯೂಬ್ ಜಾಗಕ್ಕೆ 5670 ಎಂಬ ಮಾಡೆಲ್ ನೇರವಾಗಿ ಕೂರುತ್ತದೆ. 6ಡಿಜೆ8 ಕೂಡ 9 ಪಿನ್‌ನದ್ದೇ, ಆದರೆ ಅದರ ಹೀಟರ್ (ಟ್ಯೂಬ್ ಬಿಸಿ ಮಾಡುವ ತಂತಿ) 4 ಮತ್ತು 5ನೇ ಪಿನ್‌ನಲ್ಲಿದೆ, 6ಎನ್3ದು 1 ಮತ್ತು 9ರಲ್ಲಿ. ಸುಮ್ನೆ ಚುಚ್ಚಬೇಡಿ.

ಇನ್ನೊಂದು, ಪ್ಲಗ್ ಕಿತ್ತ ಮೇಲೂ ಸಪ್ಲೈ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಮಲ್ಟಿಮೀಟರ್ ಸೊನ್ನೆ ತೋರಿಸುವವರೆಗೂ ಒಳಗೆ ಕೈ ಹಾಕಬೇಡಿ.