ಅಪ್‌ಡೇಟ್ ಆದ ಮೇಲೆ ಬೇಸ್ ಗುಂಯ್ ಅಂತಿದೆಯಾ? ಮೊದಲು ಕ್ಯಾಬ್ ನೋಡಿ

ಗಿಟಾರ್ ಆಂಪ್, ಅದರ ಕ್ಯಾಬ್ (ಮೈಕ್ ಇಟ್ಟ ಸ್ಪೀಕರ್ ಪೆಟ್ಟಿಗೆ), ಪೆಡಲ್ ಎಲ್ಲವನ್ನೂ ಡಿಜಿಟಲ್ ಆಗಿ ಅನುಕರಿಸುವ ಡಬ್ಬಿಯೇ ಮಾಡೆಲರ್. ಅದಕ್ಕೆ ಹೊಸ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಬಂದಾಗಲೆಲ್ಲ ಜ್ಯಾಮ್ ರೂಮ್‌ನಲ್ಲಿ ಒಂದೇ ದೂರು: "ಲೋ ಎಂಡ್ ಹಾಳಾಯ್ತು ಗುರು." ಹೇಳುವವರ ಕೈ ಆಗಲೇ ಆಂಪ್‌ನ ಬೇಸ್ ನಾಬ್ ಮೇಲಿರುತ್ತದೆ. ನಾನು ಆ ನಾಬ್‌ಗೆ ಬರುವುದು ತಡವಾಗಿ.

ನನ್ನ ಹತ್ತಿರ ಇರುವುದು ಲೈನ್ 6 ಹೀಲಿಕ್ಸ್, ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮದು ಬೇರೆ ಆದರೆ ಮೆನು ಬೇರೆ ಇರುತ್ತೆ, ಅಷ್ಟೇ.

ಅಪ್‌ಡೇಟ್‌ಗೆ ಮುಂಚೆ ಬ್ಯಾಕಪ್ ತೆಗೆಯಿರಿ. ಜೊತೆಗೆ ಒಂದು ರಿಫ್ ರೆಕಾರ್ಡ್ ಮಾಡಿಕೊಳ್ಳಿ. ಯುಎಸ್‌ಬಿ 1/2ರಲ್ಲಿ ಪೂರ್ತಿ ಟೋನ್ ಬರುತ್ತದೆ, 7ರಲ್ಲಿ ಗಿಟಾರ್‌ನ ಡ್ರೈ ಸಿಗ್ನಲ್, ಅಂದರೆ ಆಂಪ್, ಎಫೆಕ್ಟ್ ಏನೂ ಸೇರದ್ದು. ಅಪ್‌ಡೇಟ್ ಆದ ಮೇಲೆ ಅದೇ ಡ್ರೈ ರಿಫ್ಫನ್ನು ಮತ್ತೆ ಪ್ರೀಸೆಟ್‌ಗೆ (ಸೇವ್ ಮಾಡಿಟ್ಟ ಟೋನ್ ಸೆಟ್ಟಿಂಗ್‌ಗೆ) ಕಳಿಸಿ, ಹಳೇ ಟೋನ್ ಪಕ್ಕ ಇಟ್ಟು ಕೇಳಿ. ಎರಡರ ವಾಲ್ಯೂಮ್ ಸಮ ಇರಲಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿ ಕೇಳಿಸುತ್ತೆ, ಕಿವಿ ಹಾಗೇ ಮೋಸ ಮಾಡುತ್ತೆ.

ಎಲ್ಲ ಪ್ರೀಸೆಟ್‌ಗಳೂ ಒಟ್ಟಿಗೆ ಕೆಟ್ಟಿವೆಯಾ? ಹಾಗಾದರೆ ಗ್ಲೋಬಲ್ ಸೆಟ್ಟಿಂಗ್ಸ್ ನೋಡಿ. ರೀಸೆಟ್ ಆದಾಗ ಗ್ಲೋಬಲ್ ಇಕ್ಯೂನಲ್ಲಿ (ಎಲ್ಲ ಪ್ರೀಸೆಟ್‌ಗೂ ತಗಲುವ ಇಕ್ವಲೈಸರ್) ನೀವು ಹಾಕಿದ್ದ ಲೋ ಕಟ್, ಅಂದರೆ ಒಂದು ಮಟ್ಟಕ್ಕಿಂತ ಕೆಳಗಿನ ಬೇಸ್ ತೆಗೆಯುವ ಫಿಲ್ಟರ್, ಹೋಗಿರಬಹುದು. ಔಟ್‌ಪುಟ್ ಮಟ್ಟ ಲೈನ್‌ನಲ್ಲಿದೆಯೋ ಇನ್‌ಸ್ಟ್ರುಮೆಂಟ್‌ನಲ್ಲಿದೆಯೋ ಅದನ್ನೂ ನೋಡಿ. ಒಂದೆರಡು ಪ್ರೀಸೆಟ್ ಮಾತ್ರ ಕೆಟ್ಟಿದ್ದರೆ ಅನುಮಾನ ಕ್ಯಾಬ್ ಮೇಲೆ.

2022ರ 3.50 ಅಪ್‌ಡೇಟ್‌ನಲ್ಲಿ ಹೀಲಿಕ್ಸ್‌ಗೆ ಕ್ಯಾಬ್‌ಗಳೇ ಹೊಸದಾಗಿ ಬಂದವು. ಹಳೇ ಪ್ರೀಸೆಟ್‌ಗಳು ಹಳೇ ಕ್ಯಾಬನ್ನೇ ಉಳಿಸಿಕೊಂಡವು. ನಾವು ಆಸೆಪಟ್ಟು ಹೊಸ ಕ್ಯಾಬ್ ಹಾಕಿದಾಗಲೇ ವ್ಯತ್ಯಾಸ ಶುರು. ಮೈಕ್ ಸ್ಪೀಕರ್‌ಗೆ ಹತ್ತಿರವಾದಷ್ಟೂ ಬೇಸ್ ಊದಿಕೊಳ್ಳುತ್ತದೆ. 121 ರಿಬ್ಬನ್ ಮೈಕ್‌ನಲ್ಲಂತೂ ಇದು ಇನ್ನೂ ಜಾಸ್ತಿ. ಮೈಕನ್ನು ಎರಡು ಮೂರು ಇಂಚು ಹಿಂದಕ್ಕೆ ತನ್ನಿ, ಇಲ್ಲವೇ 57 ಡೈನಮಿಕ್ ಮೈಕ್ ಹಾಕಿ ನೋಡಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತೆ.

ಪರೀಕ್ಷೆಗೆ ಲೂಪರನ್ನು (ಬಾರಿಸಿದ್ದನ್ನು ಹಿಡಿದು ಮತ್ತೆ ಮತ್ತೆ ನುಡಿಸುವ ಬ್ಲಾಕ್) ಚೈನ್‌ನ ಮೊದಲಿಗೇ ಇಡಿ. ದಪ್ಪ ಇ ತಂತಿಯನ್ನು ಪಾಮ್ ಮ್ಯೂಟ್ ಮಾಡಿ (ಅಂಗೈ ಅಂಚು ಒತ್ತಿ) ನಾಲ್ಕು ಬಾರ್ ಬಾರಿಸಿ, ಲೂಪ್ ಓಡಲಿ. ಈಗ ಎರಡೂ ಕೈ ಖಾಲಿ. ಕ್ಯಾಬ್‌ನ ಲೋ ಕಟ್ಟನ್ನು ನಿಧಾನಕ್ಕೆ ಮೇಲೆ ತನ್ನಿ. ಕೇಳಬೇಕಾದದ್ದು ಹೊಡೆತವನ್ನಲ್ಲ, ಎರಡು ಹೊಡೆತದ ನಡುವಿನ ಜಾಗವನ್ನು. "ಢುಮ್ಮ್‌ಢುಮ್ಮ್" ಅಂತ ಒಂದಕ್ಕೊಂದು ಅಂಟಿಕೊಂಡಿದ್ದದ್ದು "ಜಗ್, ಜಗ್" ಅಂತ ಬಿಡಿಬಿಡಿಯಾದ ಕಡೆ ನಿಲ್ಲಿಸಿ. ಇ ತಂತಿ 82 ಹರ್ಟ್ಸ್ ಆಸುಪಾಸು. ನಾನು ಸಾಮಾನ್ಯವಾಗಿ 80ರಿಂದ 110ರೊಳಗೆ ನಿಲ್ಲುತ್ತೇನೆ. ಅದಕ್ಕಿಂತ ಕೆಳಗಿನದ್ದು ಬೇಸ್ ಗಿಟಾರ್‌ನವರದ್ದು, ಬಿಟ್ಟುಕೊಡಿ. ಇನ್ನೂ ಮಂಕಾಗಿದ್ದರೆ 250 ಹರ್ಟ್ಸ್ ಹತ್ತಿರ ಎರಡು ಮೂರು ಡಿಬಿ ಇಳಿಸಿ.

ಈಗ ಆಂಪ್‌ನ ಬೇಸ್ ನಾಬ್. ಅದು ಗೇನ್‌ಗೆ (ಡಿಸ್ಟಾರ್ಶನ್ ಹುಟ್ಟುವ ಹಂತಕ್ಕೆ) ಮುಂಚೆ ಇದೆಯೋ ಆಮೇಲೆ ಇದೆಯೋ ತಿಳಿದಿರಬೇಕು. ಮೆಸಾ ಮಾರ್ಕ್ ಸರಣಿಯ ಆಂಪ್‌ಗಳಲ್ಲಿ ಮುಂಚೆಯೇ ಇದೆ. ಅಲ್ಲಿ ಬೇಸ್ ಏರಿಸಿದರೆ ಆ ಬೇಸೇ ಡಿಸ್ಟಾರ್ಟ್ ಆಗಿ ರಾಡಿಯಾಗುತ್ತೆ. ಅದಕ್ಕೇ ಆ ಆಂಪ್‌ನವರು ಬೇಸನ್ನು ಒಂದು ಎರಡಕ್ಕೆ ಇಳಿಸಿ, ಕಡಿಮೆಯಾದದ್ದನ್ನು ಗ್ರಾಫಿಕ್ ಇಕ್ಯೂನ 80ರ ಸ್ಲೈಡರ್‌ನಲ್ಲಿ ಹಾಕಿಕೊಳ್ಳುತ್ತಾರೆ. ಮಾರ್ಷಲ್ ಆಂಪ್‌ನಲ್ಲಿ ಟೋನ್ ನಾಬ್‌ಗಳು ಪ್ರೀಆಂಪ್ ಗೇನ್ ಆದ ಮೇಲೆ ಬರುತ್ತವೆ. ಅಲ್ಲಿ ರಾಡಿ ತೆಗೆಯಬೇಕಾದರೆ ಆಂಪ್‌ಗೆ ಮುಂಚೆ ಟ್ಯೂಬ್ ಸ್ಕ್ರೀಮರ್ ಓವರ್‌ಡ್ರೈವ್ ಪೆಡಲ್‌ನ ಮಾಡೆಲ್ ಹಾಕಿ, ಡ್ರೈವ್ ಸೊನ್ನೆ, ಲೆವೆಲ್ ಜಾಸ್ತಿ. ಡಿಸ್ಟಾರ್ಶನ್‌ಗೆ ಹೋಗುವ ಮೊದಲೇ ಬೇಸ್ ಸಣ್ಣಗಾಗುತ್ತೆ.

ಇಷ್ಟೆಲ್ಲ ಆದ ಮೇಲೂ ಮನೆಯ ವಾಲ್ಯೂಮ್‌ನಲ್ಲಿ ತೀರ್ಮಾನ ಮಾಡಬೇಡಿ. ಸಣ್ಣ ಸದ್ದಿನಲ್ಲಿ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳುತ್ತೆ. ಫ್ಲೆಚರ್ ಮತ್ತು ಮನ್ಸನ್ ಅನ್ನೋ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ರಾತ್ರಿ ಹೆಡ್‌ಫೋನ್‌ನಲ್ಲಿ ಸರಿ ಅನ್ನಿಸಿದ್ದು ಡ್ರಮ್ಸ್ ಪಕ್ಕ ಗುಂಯ್ ಅನ್ನುವುದು ಅದಕ್ಕೇ. ಡ್ರಮ್ಸ್, ಬೇಸ್ ಎರಡೂ ಇರುವ ರಿಹರ್ಸಲ್‌ನಲ್ಲಿ ಲೋ ಕಟ್ಟನ್ನು ಇನ್ನೊಮ್ಮೆ ನೋಡಿ, ಆಮೇಲೆ ಪ್ರೀಸೆಟ್ಟನ್ನು ಹೊಸ ಹೆಸರಲ್ಲಿ ಸೇವ್ ಮಾಡಿ. ಹೆಸರಿಗೆ ಫರ್ಮ್‌ವೇರ್ ನಂಬರ್ ಸೇರಿಸಿ, ಹಳೇದನ್ನು ಅಳಿಸಬೇಡಿ.