ಸೂಚಿಯಲ್ಲಿ ಹೆಸರಿಲ್ಲದ ಕಂಠಿಯವರು

ಅಂದಿನ ವಿಜಾಪುರ ಜಿಲ್ಲೆಯ ವಕೀಲರಾಗಿದ್ದು ಸಭಾಧ್ಯಕ್ಷ ಪೀಠಕ್ಕೂ, ಅಲ್ಲಿಂದ ಮುಖ್ಯಮಂತ್ರಿ ಸ್ಥಾನಕ್ಕೂ ಏರಿದ ಎಸ್. ಆರ್. ಕಂಠಿಯವರ ಶಾಸನಸಭಾ ಜೀವನವನ್ನು ಸದನದ ನಡಾವಳಿಗಳಿಂದಲೇ ಕಟ್ಟುತ್ತೇನೆ ಎಂದಾಗ, ವಕೀಲರ ಸಂಘದ ಗೆಳೆಯರು ನಕ್ಕುಬಿಟ್ಟರು. ಸಭಾಧ್ಯಕ್ಷರು ಮಾತನಾಡುವುದೇ ಅಪರೂಪ, ಅಲ್ಲಿ ನಿಮಗೆ ಸಿಗುವುದೇನು ಎಂಬುದು ಅವರ ವಾದ.

ಮೊದಲ ವರ್ಷ ಅವರ ಮಾತೇ ನಿಜವಾಯಿತು. 1952ರಿಂದ 1956ರವರೆಗಿನ ಸಂಪುಟಗಳನ್ನು ಬೆಂಗಳೂರಿನಲ್ಲಿ ಹುಡುಕಿ ಸುಸ್ತಾದ ಮೇಲೆ ನನ್ನ ದಡ್ಡತನ ಹೊಳೆಯಿತು: ಆಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಕಂಠಿಯವರು ಅಲ್ಲಿಯ ವಿಧಾನಸಭೆಯ ಉಪಸಭಾಧ್ಯಕ್ಷರು. ಬೆಂಗಳೂರಿನ ವಸತಿ, ಜೆರಾಕ್ಸ್ ಎಂದು ಹನ್ನೊಂದು ಸಾವಿರದಷ್ಟು ನೀರಿಗೆ ಹೋಗಿತ್ತು. ಮುಂಬಯಿ ಪ್ರಯಾಣಕ್ಕೆ ಇನ್ನೊಂದು ಒಂಬತ್ತು ಸಾವಿರ.

1956ರಿಂದ 1962ರವರೆಗೆ ಅವರು ಮೈಸೂರು ವಿಧಾನಸಭೆಯ ಸಭಾಧ್ಯಕ್ಷರಾಗಿದ್ದರೂ ಹೆಸರು ಹಿಡಿದು ಹುಡುಕಿದರೆ ಅವರು ಸಿಗುವುದಿಲ್ಲ, ಏಕೆಂದರೆ ಪುಟದ ತುಂಬ ಇರುವುದು ‘ಮಿಸ್ಟರ್ ಸ್ಪೀಕರ್’ ಮಾತ್ರ. ನಡುವೆ ಉಪಸಭಾಧ್ಯಕ್ಷರು ಪೀಠಕ್ಕೆ ಬಂದರೆ ಚೌಕ ಕಂಸದಲ್ಲಿ ಒಂದು ಸಣ್ಣ ಸಾಲು ಬರುತ್ತದೆ. ನಾನು ಆ ಸಾಲುಗಳನ್ನಷ್ಟೇ ಮೊದಲು ಗುರುತು ಹಾಕಿಕೊಂಡು, ಉಳಿದ ವೇಳೆಯ ಕ್ರಿಯಾಲೋಪಗಳನ್ನೂ (ಕಲಾಪ ನಿಯಮದಂತೆ ನಡೆಯುತ್ತಿಲ್ಲ ಎಂದು ಸದಸ್ಯರು ಎತ್ತುವ ಆಕ್ಷೇಪಗಳು) ಅವುಗಳ ಮೇಲಿನ ರೂಲಿಂಗ್‌ಗಳನ್ನೂ ದಿನಾಂಕವಾರು ಬರೆದುಕೊಂಡೆ. ನಾಲ್ಕು ದಪ್ಪ ನೋಟುಪುಸ್ತಕಗಳಾದವು. ಕ್ರಿಯಾಲೋಪವೆತ್ತಿದವರ ವಾದ, ಎದುರು ಪಕ್ಷದ ಉತ್ತರ, ಕೊನೆಗೆ ಆದೇಶ: ಮುನ್ಸಿಫ್ ಕೋರ್ಟಿನಲ್ಲಿ ನಿಂತವನಿಗೆ ಇದನ್ನು ಓದಲು ಯಾರೂ ಕಲಿಸಬೇಕಾಗಿಲ್ಲ. ಕಂಸದ ಸಾಲೇ ಮುದ್ರಣದಲ್ಲಿ ಬಿಟ್ಟುಹೋದ ಕಡೆ ಪೀಠದಲ್ಲಿದ್ದವರನ್ನು ಪತ್ತೆ ಮಾಡುವ ಬಗೆಯನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ. ಅದಕ್ಕೆ ನನಗೆ ಎಂಟು ತಿಂಗಳು ಹಿಡಿದಿದೆ.

ನಡುವೆ ಮೊಬೈಲಿನಲ್ಲಿ ಪುಟಗಳ ಚಿತ್ರ ತೆಗೆದು ಅಕ್ಷರ ಗುರುತಿಸುವ ತಂತ್ರಾಂಶಕ್ಕೂ ಕೊಟ್ಟು ನೋಡಿದೆ. ಹೊಲಿಗೆಯ ಕಡೆ ಬಾಗಿದ ಸಾಲುಗಳಲ್ಲಿ ಅದು ಒತ್ತಕ್ಷರಗಳನ್ನೆಲ್ಲ ನುಂಗಿತು. ಕೈಬರಹವೇ ಅಗ್ಗವಾಯಿತು.

ಹಿರಿಯರ ಬಳಿಗೆ ಮತ್ತೆ ಹೋದದ್ದು ಪಟ್ಟಿ ಸಿದ್ಧವಾದ ಮೇಲೆ. ಮೊದಲೇ ಹೋಗಿದ್ದಾಗ ಒಬ್ಬರು, ಕಂಠಿಯವರು ಆರು ತಿಂಗಳು ಮುಖ್ಯಮಂತ್ರಿಯಾಗಿದ್ದರೆಂದು ಬರೆಸಿದ್ದರು, ನಾನೂ ಬರೆದುಕೊಂಡಿದ್ದೆ. ಈ ಸಲ ಅವರ ಮುಂದೆ ಪಟ್ಟಿ ಇಟ್ಟೆ: ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತದ್ದರಿಂದ 1962ರ ಮಾರ್ಚ್ 14ರಂದು ಅಧಿಕಾರ ವಹಿಸಿಕೊಂಡ ಕಂಠಿಯವರು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದ ಮೇಲೆ ಜೂನ್ 20ರಂದು ಸ್ಥಾನ ಬಿಟ್ಟುಕೊಟ್ಟು, ಅವರದೇ ಸಂಪುಟದಲ್ಲಿ ಸಚಿವರಾದರು. ಹಿರಿಯರು ಬೆರಳು ಮಡಚಿ ಎಣಿಸಿದರು, ಕನ್ನಡಕ ತೆಗೆದರು, “ಹಂಗಾದ್ರ ನೂರು ದಿನಾನೂ ತುಂಬಲಿಲ್ಲೇನ್ರಿ ವಕೀಲರ?” ಎಂದರು.