ಸ್ವೀಡನ್‌ನವರ ಮನೆಗೆ, ಫ್ರೆಂಚರ ಮನೆಗೆ ಊಟಕ್ಕೆ ಹೋಗುವ ಮುಂಚೆ

ಸ್ಟಾಕ್‌ಹೋಮ್‌ನಲ್ಲಿ 7 ಗಂಟೆಗೆ ಊಟಕ್ಕೆ ಕರೆದರೆ 7ಕ್ಕೇ ಬೆಲ್ ಒತ್ತಿ. ಬೇಗ ತಲುಪಿದರೆ ಹೊರಗೇ ಒಂದು ಸುತ್ತು ಹಾಕಿ ಬನ್ನಿ. ಒಳಗೆ ಕಾಲಿಡುತ್ತಲೇ ಶೂ ಬಿಚ್ಚಿ, ನಮ್ಮ ಮನೆಗಳ ಹಾಗೆಯೇ. ಪ್ಯಾರಿಸ್‌ನಲ್ಲಿ ಮಾತ್ರ 10-15 ನಿಮಿಷ ತಡವಾಗಿ ಹೋಗುವುದೇ ಮರ್ಯಾದೆ, ಅಡುಗೆಮನೆಯಲ್ಲಿ ಇರುವವರಿಗೆ ಸ್ವಲ್ಪ ಉಸಿರಾಡಲು ಬಿಡಬೇಕು ಅಲ್ವಾ? ಶೂ ಬಿಚ್ಚಬೇಕಾ ಅಂತ ಅಲ್ಲೇ ಕೇಳಿ.

ಸ್ವೀಡನ್‌ನಲ್ಲಿ 1960ರ ದಶಕದ ಕೊನೆಯಿಂದ ಬಾಸ್, ಮೇಷ್ಟ್ರು, ಡಾಕ್ಟರ್ ಎಲ್ಲರನ್ನೂ ಏಕವಚನದಲ್ಲೇ ಮಾತನಾಡಿಸುವ ರೂಢಿ ಬಂದಿದೆ, ಹೆಸರು ಹಿಡಿದು ಕರೆದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಫ್ರಾನ್ಸ್‌ನಲ್ಲಿ ಹಾಗಲ್ಲ. ಗುರುತಿಲ್ಲದವರಿಗೆ ಬಹುವಚನ, ಅವರೇ ಬೇಡ ಅನ್ನುವವರೆಗೆ. ಬೇಕರಿಗೆ ಹೋದರೂ ಮೊದಲು 'ಬೋಂಜೂರ್' (ನಮಸ್ಕಾರ) ಅನ್ನಿ, ಆಮೇಲೆ ಬ್ಯಾಗೆಟ್ (ಅವರ ಉದ್ದನೆಯ ಬ್ರೆಡ್) ಕೇಳಿ. ಇದನ್ನು ಮರೆತರೆ ಎದುರಿನವರ ಮುಖ ಗಂಟಾಗುತ್ತದೆ, ಅವರದು ಸೊಕ್ಕು ಅಂದುಕೊಳ್ಳಬೇಡಿ, ಅವರ ಕಣ್ಣಿಗೆ ಒರಟಾಗಿ ಕಂಡಿದ್ದು ನೀವು.

ಇಬ್ಬರೂ ಒಂದೇ ಟೇಬಲ್‌ನಲ್ಲಿದ್ದರೆ ಜಾಸ್ತಿ ಗಮನ ಬೇಕು. ಫ್ರೆಂಚರು ಮಧ್ಯೆ ಬಾಯಿ ಹಾಕಿ ವಾದ ಮಾಡುವುದು ಹೆಚ್ಚಾಗಿ ಆಸಕ್ತಿಯಿಂದ, ಜಗಳಕ್ಕಲ್ಲ. ಸ್ವೀಡನ್‌ನವರು ತಮ್ಮ ಸರದಿಗೆ ಕಾಯುತ್ತಾ ಸುಮ್ನೆ ಕೂತಿರುತ್ತಾರೆ. ಅವರ ಹೆಸರು ಹಿಡಿದು ಅಭಿಪ್ರಾಯ ಕೇಳಿ, ಉತ್ತರ ಮುಗಿಯುವವರೆಗೆ ಉಳಿದವರನ್ನು ತಡೆಯಿರಿ.